ಎಂಟು ಮೊಳದ ಮೂರು ದೋಣಿ

ಬೆಳಿಗ್ಗೆ ಆರೂವರೆಗೆ ಇಬ್ರಾಹಿಂಪುರದ ಮನೆ ಬಿಟ್ಟೆ. ಚೀಲದಲ್ಲಿ ಚಿಗವ್ವ ಕಟ್ಟಿಕೊಟ್ಟ ಎರಡು ಜೋಳದ ರೊಟ್ಟಿ, ನೆಂಚಲು ಶೇಂಗಾ ಹಿಂಡಿ, ಒಂದು ಉಕ್ಕಿನ ಟೇಪು ಮತ್ತು ಕಾಕಾ ಎಡಗೈಯಲ್ಲಿ ಬರೆದ ಚೀಟಿ ಇದ್ದವು. ಚೀಟಿಯಲ್ಲಿ ಮೂರು ಊರುಗಳ ಹೆಸರು: ಭೂತನಾಳ, ಟಿಕೋಟಾ, ಕಾಖಂಡಕಿ. ಮೂರೂ ಕಡೆ ಒಂದೊಂದು ಹಾಯಿದೋಣಿ. ಅವುಗಳ ಅಳತೆ ಬರೆದುಕೊಂಡು ಸಂಜೆಯೊಳಗೆ ತಿರುಗಿ ಬರಬೇಕು. ಜನ ಹಿಮಾಲಯಕ್ಕೆ ಹೋಗಿಬಂದು ಪ್ರವಾಸ ಬರೆಯುತ್ತಾರೆ. ನಾನು ಮೂರು ತಾಲೂಕು ದಾಟಿದ್ದನ್ನೇ ಬರೆಯುತ್ತಿದ್ದೇನೆ. ಓದುವವರು ದೊಡ್ಡ ಮನಸ್ಸು ಮಾಡಬೇಕು.

ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಚಿಗವ್ವನ ಗಂಡ, ಬಡಿಗ. ಹರೆಯದಲ್ಲಿ ಕೆಲವು ವರ್ಷ ಮುಂಬೈಯಲ್ಲಿ ದೋಣಿ ಕಟ್ಟುವ ಶೆಡ್ಡಿನಲ್ಲಿ ದುಡಿದ. ಊರಿಗೆ ಬಂದು ಬಾಗಿಲು, ಕಪಾಟು ಮಾಡಿಕೊಂಡಿದ್ದರೂ ತಲೆಯಲ್ಲಿ ಗಾಳಿ, ಹಾಯಿ, ನೀರು. ಕೊನೆಗೆ ತಾನೇ ನಕ್ಷೆ ಬರೆದು ಇಬ್ಬರು ಕೂಡುವ ಪುಟ್ಟ ಪಂದ್ಯದ ದೋಣಿಯೊಂದನ್ನು ಕಟ್ಟಿ ಭೂತನಾಳ ಕೆರೆಯಲ್ಲಿ ತೇಲಿಸಿದ. ಹೊರಗಿನ ದೇಶಗಳಲ್ಲಿ ಇಂಥ ದೋಣಿಗೆ ಉದ್ದದ ಲೆಕ್ಕದಿಂದಲೇ ಹೆಸರಿಡುತ್ತಾರಂತೆ. ಕಾಕಾ ತನ್ನದಕ್ಕೆ ‘ಎಂಟು ಮೊಳ’ ಎಂದು ಹೆಸರಿಟ್ಟ. ಅದರ ಫೋಟೋಗಳನ್ನು ಹಾಯಿದೋಣಿ ಪಂದ್ಯಗಳ ಜಾಗತಿಕ ಸಂಸ್ಥೆಗೆ ಅಂಚೆಯಲ್ಲಿ ಕಳಿಸಿ, ಉತ್ತರಕ್ಕೆ ಕಾಯುತ್ತ ಕೂತ.

ಉತ್ತರ ಕೊಟ್ಟವನು ನಾನು.

ನನ್ನ ಕಸುಬು ಮಿಮಿಕ್ರಿ. ಮದುವೆ ಮಂಟಪದಲ್ಲಿ ಬೀಗರ ದನಿ ತೆಗೆದು ಬೀಗರಿಂದಲೇ ಬೈಸಿಕೊಂಡವನು. ನನ್ನ ಸ್ವಂತ ದನಿ ಯಾವುದು ಎಂದು ನಮ್ಮವ್ವನಿಗೂ ಸಂಶಯವಿದೆ. ಮೂರು ವರ್ಷದ ಹಿಂದೆ ಗೆಳೆಯನ ಫೋನಿನಿಂದ ಕಾಕಾನಿಗೆ ಕರೆ ಮಾಡಿ, ಪುಸ್ತಕದಿಂದ ಕನ್ನಡ ಕಲಿತ ವಿಲಾಯತಿ ಸಾಹೇಬನಾದೆ. “ಮಿಸ್ಟರ್ ಬಡಿಗೇರ್, ನಿಮ್ಮ ದೋಣಿ ಬಹಳ ಚೆನ್ನಾಗಿ ಇರುತ್ತದೆ. ಆದರೆ ಒಂದು ದೋಣಿ ಕ್ಲಾಸ್ ಆಗುವುದಿಲ್ಲ.”

ಆಟ ಸಾಚಾ ಕಾಣಲೆಂದು ಎರಡು ದಿನ ಕೂತು ನಿಯಮ ಓದಿದ್ದೆ. ಹಾಗಾಗಿ ದನಿ ಸುಳ್ಳಾದರೂ ಮಾತು ಖರೆ. ಕ್ಲಾಸ್ ಎಂದರೆ ದೋಣಿಗಳ ಕುಲ. ಆ ಕುಲಕ್ಕೆ ಲಿಖಿತ ನಿಯಮ ಬೇಕು, ಅದನ್ನು ನಡೆಸುವ ಸಂಘ ಬೇಕು. ಕಾಕಾನಂಥ ಒಂದೇ ನಕ್ಷೆಯ ಕುಲವಾದರೆ ಯಾರೇ ಕಟ್ಟಲಿ, ಎಲ್ಲೇ ಕಟ್ಟಲಿ, ಅಳತೆ ಒಂದೇ ಇರಬೇಕು, ಅಧಿಕೃತ ಅಳತೆಗಾರ ಅಳೆದು ಒಪ್ಪಬೇಕು. ಗೆದ್ದದ್ದು ಆಳೋ ದೋಣಿಯೋ ಎಂಬ ಸಂಶಯ ಉಳಿಯಬಾರದು. ಆಮೇಲೆ ಬೇರೆ ಬೇರೆ ದೇಶ, ಬೇರೆ ಬೇರೆ ಖಂಡಗಳಲ್ಲಿ ಸಾಕಷ್ಟು ದೋಣಿಗಳು ಓಡಬೇಕು. ಆಗ ಸಂಸ್ಥೆ ಕೂತು ವಿಚಾರಿಸಿ ‘ಅಂತಾರಾಷ್ಟ್ರೀಯ’ ಎಂಬ ಮುದ್ರೆ ಒತ್ತುತ್ತದೆ. ಇಷ್ಟನ್ನೂ ಸಾಹೇಬನ ದನಿಯಲ್ಲಿ ಹೇಳಿ ಮುಗಿಸಿದಾಗ ಗೆಳೆಯರು ಬಾಯಿಗೆ ಟವೆಲ್ ತುರುಕಿಕೊಂಡು ನಗುತ್ತಿದ್ದರು. ಆ ಕಡೆಯಿಂದ ಕಾಕಾ, “ಥ್ಯಾಂಕ್ಯೂ ಸರ್,” ಎಂದ.

ಮರುವಾರವೇ ಕಾಕಾ ನಕ್ಷೆಯ ಎರಡು ಪ್ರತಿ ಹಿಡಿದು, ಇನ್ನೆರಡು ದೋಣಿ ಕಟ್ಟಿಸಲು ಟಿಕೋಟಾಕ್ಕೂ ಕಾಖಂಡಕಿಗೂ ಹೊರಟ. “ಮೊದಲ ಮೂರು ತಾಲೂಕು ಆಗಲಿ. ಮುಂದ ಮೂರು ದೇಶ ಆಗೂದು ಏನ್ ದೊಡ್ಡ ಮಾತಲೇ,” ಎಂದ. ಆ ಕರೆ ನನ್ನ ಆಟ ಎಂದು ಹೇಳಲು ನಾಳೆ ನಾಳೆ ಎನ್ನುತ್ತ ಉಳಿದೆ. ನಾಲ್ಕು ತಿಂಗಳ ಹಿಂದೆ ಕಾಕಾನಿಗೆ ಲಕ್ವಾ ಹೊಡೆದು ಬಲಗೈ ಬಿತ್ತು. ಮಲಗಿದಲ್ಲಿಂದ ಆತ ಕೇಳಿದ್ದು ಒಂದೇ: “ಮೂರೂ ದೋಣಿ ಅಳದು ಬಾ. ನಾ ಇರೂದರೊಳಗ ಅರ್ಜಿ ಹೋಗಲಿ.”

ಭೂತನಾಳಕ್ಕೆ ಆಟೋದಲ್ಲಿ ಹೋದೆ. ಕೆರೆಯ ಮೇಲೆ ಇನ್ನೂ ತಂಪು ಗಾಳಿಯಿತ್ತು. ಕಾಕಾನ ದೋಣಿ ದಂಡೆಯ ಬೇವಿನ ಕೆಳಗೆ ಬೋರಲು ಬಿದ್ದಿತ್ತು, ಬೆನ್ನ ಮೇಲೆ ಹಕ್ಕಿಯ ಹಿಕ್ಕೆ. ಟೇಪು ಹಿಡಿದೆ. ಹನ್ನೆರಡು ಅಡಿ ಎರಡು ಇಂಚು. ಬರೆದುಕೊಂಡು ಬಸ್ ನಿಲ್ದಾಣಕ್ಕೆ ಬಂದೆ.

ಟಿಕೋಟಾ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಪಕ್ಕದಲ್ಲಿ ಕೂತ ಹಿರಿಯರು ನನ್ನ ಕೈಯ ಟೇಪು ನೋಡಿ, “ಎಲ್ಲಿಗಿ ಹೊಂಟೀರಿ?” ಎಂದರು. ದೋಣಿಯ ಕ್ಲಾಸ್ ಕೆಲಸ ಎಂದೆ. “ಎಷ್ಟನೇ ಕ್ಲಾಸಿಗಿ ಕಲಸ್ತೀರಿ, ಸರ?” ಎಂದರು. ತಿದ್ದುವಷ್ಟು ಹುರುಪಿರಲಿಲ್ಲ. ಐದನೇ ಕ್ಲಾಸಿಗೆ ಎಂದೆ. ಟಿಕೋಟಾ ಬರುವವರೆಗೂ ಮೊಮ್ಮಗನ ಗಣಿತದ ಬಗ್ಗೆ ನನ್ನಿಂದ ಸಲಹೆ ಪಡೆದರು.

ಟಿಕೋಟಾದ ಗುರಪ್ಪ ದ್ರಾಕ್ಷಿ ತೋಟದವನು, ಬಡಿಗತನವೂ ಬಲ್ಲವನು. ಆರಡಿ ಮೀರಿದ ಆಳು. ಬಾಗಿಲಿಗೆ ಬಂದರೆ ಬೆಳಕು ನಿಲ್ಲುತ್ತದೆ. ತೋಟದ ಕೃಷಿಹೊಂಡದಲ್ಲಿ, ಪ್ಲಾಸ್ಟಿಕ್ ಹಾಸಿನ ನೀಲಿ ನೀರಿನ ಮೇಲೆ ದೋಣಿ ಮದುಮಗಳಂತೆ ನಿಂತಿತ್ತು. ವಾರಕ್ಕೊಮ್ಮೆ ಎಣ್ಣೆ ಒರೆಸುತ್ತಾನಂತೆ. ತಿನ್ನಲು ಒಣದ್ರಾಕ್ಷಿ ಕೊಟ್ಟು, “ಕಾಕಾರು ಹ್ಯಾಂಗ ಅದಾರ? ಪಂದ್ಯ ಯಾವಾಗ ಅಂತ?” ಎಂದು ಕೇಳಿದ. ನಾನು ಅಳೆದೆ. ಹನ್ನೆರಡು ಅಡಿ ಹತ್ತು ಇಂಚು. ಟೇಪು ಸೊಟ್ಟಗಿರಬೇಕು ಎಂದು ಮತ್ತೆ ಹಿಡಿದೆ. ಅದೇ ಹತ್ತು ಇಂಚು.

“ಏನಾತ್ರಿ?” ಎಂದ ಗುರಪ್ಪ.

“ಏನಿಲ್ಲ, ನಿಮ್ಮ ದೋಣಿ ನಿಮ್ಮಂಗ ಬೆಳದೈತಿ,” ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಬಬಲೇಶ್ವರಕ್ಕೆ ಟಂಟಂ ರಿಕ್ಷಾ ಹಿಡಿದೆ. ಒಬ್ಬರ ಮೊಣಕಾಲು ಇನ್ನೊಬ್ಬರ ಹೊಟ್ಟೆಯಲ್ಲಿ. ಬಿಸಿಲು ಏರಿತ್ತು. ಬಬಲೇಶ್ವರದ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ರೊಟ್ಟಿ ಬಿಚ್ಚಿದೆ, ಒಂದನ್ನಷ್ಟೇ ತಿಂದೆ. ಅಲ್ಲಿಂದ ಮುಂದಿನ ಬಸ್ಸಿನಲ್ಲಿ ಕಾಖಂಡಕಿಗೆ ಹೋಗುವಾಗ ನಾನು ದೇವರನ್ನು ಕೇಳಿದ್ದು ಇಷ್ಟೇ: ಇದಾದರೂ ಹನ್ನೆರಡು ಅಡಿ ಎರಡು ಇಂಚು ಇರಲಿ.

ಕಾಖಂಡಕಿಯ ಬಡಿಗ ಮೌನಪ್ಪಜ್ಜ ನನ್ನ ಭುಜಕ್ಕೂ ಬರುವುದಿಲ್ಲ. ದೋಣಿಯನ್ನು ಹಿತ್ತಲಿನಲ್ಲಿ ತಾಡಪತ್ರಿ ಹೊದಿಸಿ ಇಟ್ಟಿದ್ದ. ಜೋಡಣೆ ಎಷ್ಟು ನಯವೆಂದರೆ ಉಗುರು ತಾಗುವುದಿಲ್ಲ. ಮೂರರಲ್ಲಿ ಇದೇ ಚಂದದ ದೋಣಿ. ಅಳೆದೆ. ಹನ್ನೊಂದು ಅಡಿ ಆರು ಇಂಚು.

“ಅಜ್ಜಾರ, ಇದು ಗಿಡ್ಡ ಆಗೇತ್ರಿ.”

“ಯಾಕ ಆಗ್ತೈತಿ? ನಕ್ಷಾದಾಗ ಎಂಟು ಮೊಳ ಬರದಾರ. ಎಂಟು ಮೊಳಾನ ಮಾಡೇನಿ.” ಅಜ್ಜ ಮೊಣಕೈ ಊರಿ, ಬೆರಳು ಚಾಚಿ, ದೋಣಿಯ ಮೇಲೆ ಕೈ ಹೆಜ್ಜೆ ಹಾಕುತ್ತ ತೋರಿಸಿದ. ಒಂದು, ಎರಡು, ಮೂರು. ಎಂಟನೆಯದರ ನಡುಬೆರಳು ಮೂತಿಯ ತುದಿಗೆ ಕೂದಲೆಳೆಯ ತಪ್ಪಿಲ್ಲದೆ ಬಂದು ನಿಂತಿತು.

“ಮೊಳ ಯಾರದು ಅಂತ ಕೇಳಲಿಲ್ಲೇನ್ರಿ?”

ಅಜ್ಜ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ. “ಮೊಳ ಅಂದ್ರ ಕಟ್ಟಾವಂದ ಅಲ್ಲೇನೋ ತಮ್ಮಾ?”

ತಪ್ಪು ಯಾರದೂ ಅಲ್ಲ. ಕಾಕಾ ತನ್ನ ಮೊಳದಿಂದ ಬರೆದ, ಗುರಪ್ಪ ತನ್ನ ಮೊಳದಿಂದ ಕಟ್ಟಿದ, ಅಜ್ಜ ತನ್ನದರಿಂದ. ಅಜ್ಜನ ದನಿ ತೆಗೆಯುವುದು ಸುಲಭ. ಹೊರಡುವಾಗ, ನನ್ನ ಕಸುಬು ಗೊತ್ತಿದ್ದ ಅವನ ಮೊಮ್ಮಕ್ಕಳು ತೆಗೆಯೆಂದು ಕೇಳಿದರು. ಬರುವುದಿಲ್ಲ ಎಂದೆ.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಟಿಕೋಟಾದ ಮುಂದೆಯೂ ಕಾಖಂಡಕಿಯ ಮುಂದೆಯೂ ಹನ್ನೆರಡು ಅಡಿ ಎರಡು ಇಂಚು ಎಂದು ಬರೆದುಬಿಟ್ಟರೆ ಮುಗಿಯಿತು. ಅರ್ಜಿ ಹೋಗುತ್ತದೆ, ಕಾಕಾ ನೆಮ್ಮದಿಯಿಂದ ಕಣ್ಣು ಮುಚ್ಚುತ್ತಾನೆ. ಬಬಲೇಶ್ವರ ದಾಟುವಾಗ ಹಾಗೆಯೇ ಬರೆದೆ. ನಮ್ಮೂರಿನ ಗುಮ್ಮಟ ಕಾಣುವ ಹೊತ್ತಿಗೆ ಹೇಳಬೇಕಾದ ಮಾತೂ ಬಾಯಿಪಾಠವಾಗಿತ್ತು.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಕಾಕಾ ತಲೆದಿಂಬಿಗೆ ಒರಗಿ ಬಾಗಿಲು ನೋಡುತ್ತಿದ್ದ.

“ಮೂರೂ ಒಂದ ಅಳತಿ ಅದಾವೇನು?”

“ಹೂಂ ಕಾಕಾ. ಮೂರೂ ಒಂದ ಅದಾವು.”

ಕಾಕಾ ಸೊಟ್ಟಗಾದ ಬಾಯಿಯಿಂದ ನಿಧಾನವಾಗಿ ಹೇಳಿದ: “ನೀ ಹೇಳಬ್ಯಾಡ. ಆ ಸಾಹೇಬನ ದನಿಯಾಗ ಹೇಳು. ಅವ ಸುಳ್ಳ ಹೇಳೂದಿಲ್ಲ.”

ಮೂರು ವರ್ಷ ನಾನು ಬಚ್ಚಿಟ್ಟಿದ್ದೆ ಅಂದುಕೊಂಡದ್ದು ಆತನಿಗೆ ಗೊತ್ತಿತ್ತು. ಗೊತ್ತಿದೆ ಎಂಬುದನ್ನು ಆತ ಬಚ್ಚಿಟ್ಟುಕೊಂಡಿದ್ದ. ಚಿಗವ್ವ ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ಗಂಟಲು ಸರಿಮಾಡಿಕೊಂಡೆ. ಆ ಹತ್ತಡಿ ಕೋಣೆಯಲ್ಲಿ ಸಾಹೇಬನ ದನಿ ತೆಗೆದೆ.

“ಮಿಸ್ಟರ್ ಬಡಿಗೇರ್, ಮೂರು ದೋಣಿಗೆ ಮೂರು ಅಳತೆ ಇರುತ್ತದೆ. ಎಲ್ಲರೂ ತಮ್ಮ ತಮ್ಮ ಮೊಳ ಹಿಡಿದಿರುತ್ತಾರೆ. ಇದು... ಇದು ಕ್ಲಾಸ್ ಆಗುವುದಿಲ್ಲ.”

“ಥ್ಯಾಂಕ್ಯೂ ಸರ್,” ಎಂದ ಕಾಕಾ.

ಆಮೇಲೆ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ, ಹಾಸಿಗೆಯ ಮೇಲೆ ನನ್ನ ಮುಂದೆ ಇಟ್ಟ. “ಟೇಪ್ ಹಿಡಿ. ನಿಯಮದಾಗ ಬರಿ, ಮೊಳ ಅಂದ್ರ ಇದು ಅಂತ. ಮುಂದ ಯಾರರ ಕಟ್ಟಿದ್ರ ತಪ್ಪಬಾರದು.”

ಬೆರಳುಗಳು ಅಂಗೈಯೊಳಗೆ ಮುದುಡಿಕೊಂಡಿದ್ದವು. ಒಂದೊಂದಾಗಿ ಬಿಡಿಸಿ, ನಡುಬೆರಳನ್ನು ನನ್ನ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮೊಣಕೈಯಿಂದ ಟೇಪು ಎಳೆದೆ. ಹದಿನೆಂಟೂ ಕಾಲು ಇಂಚು. ಬರೆದುಕೊಳ್ಳಲು ಕೈ ಬಿಟ್ಟೊಡನೆ ಬೆರಳುಗಳು ಮತ್ತೆ ಮುದುಡಿದವು.