ರೊಟ್ಟಿ ಬಡಿಯುವ ಕೈಯ ನಾಡಿ

ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನ ನೋಡಲು ಹೋದಾಗ ನಮ್ಮ ಅತ್ತೆ ತಲೆ ತಿರುಗಿ ಒಂದು ಬಳೆ ಅಂಗಡಿಯ ಮುಂದೆ ಕೂತುಬಿಟ್ಟರು. ಅಂದು ಅವರಿಗೆ ಉಪವಾಸ. ಒಂದು ಗ್ಲಾಸು ಕಬ್ಬಿನ ಹಾಲು ಕುಡಿದು, ಎದ್ದು, ಅದೇ ಅಂಗಡಿಯಲ್ಲಿ ಚೌಕಾಸಿ ಮಾಡಿ ಬಳೆ ಕೊಂಡರು. ಅವರ ಮಟ್ಟಿಗೆ ಸಂಗತಿ ಅಲ್ಲಿಗೆ ಮುಗಿಯಿತು. ನಮ್ಮ ಮನೆಯವರ ಮಟ್ಟಿಗೆ ಅಲ್ಲಿಂದ ಶುರುವಾಯಿತು. ಮುಂದಿನ ವಾರ ಅವರು ತಾಯಿಗೆ ಒಂದು ಸ್ಮಾರ್ಟ್‌ವಾಚ್ ತಂದರು.

ಅದು ನಾಡಿ ಎಣಿಸುತ್ತದೆ, ನಡೆದ ದಾರಿಯನ್ನು ನಕ್ಷೆಯಲ್ಲಿ ಬರೆಯುತ್ತದೆ, ಎಲ್ಲವನ್ನೂ ಮಗನ ಫೋನಿಗೆ ಕಳಿಸುತ್ತದೆ. ಎಡಗೈಗೆ ಕಟ್ಟಲು ಹೋದರೆ ಅತ್ತೆ ಕೈ ಹಿಂದಕ್ಕೆಳೆದುಕೊಂಡರು. "ಮಗ ಕೊಟ್ಟಿದ್ದನ್ನ ಎಡಗೈಯಾಗ ಯಾಕ ಕಟ್ಕೊಳ್ಳಲಿ?" ಎಂದು ಬಲಗೈ ಚಾಚಿದರು. ಬಿಗಿಯಾಗುತ್ತದೆಂದು ಪಟ್ಟಿಯನ್ನೂ ಸಡಿಲ ಮಾಡಿಸಿದರು. ಗಡಿಯಾರ ಬಳೆಗಳ ಹಿಂದೆ ಅವುಗಳ ಜೊತೆಯಲ್ಲೇ ಆಡುತ್ತಿತ್ತು.

ನಾವಿರುವುದು ಕೊಂಡಾಪುರದಲ್ಲಿ, ಎತ್ತರದ ಕಟ್ಟಡಗಳ ಸಂದಿಯಲ್ಲಿ. ಅತ್ತೆ ಸಂಜೆ ಕಾಂಪೌಂಡಿನೊಳಗೆ ನಾಲ್ಕು ಸುತ್ತು ಹಾಕಿ ಬಂದರೆ, ನಕ್ಷೆಯಲ್ಲಿ ಅವರು ಈಜುಕೊಳದ ನೀರಿನ ಮೇಲೆ ನಡೆದು, ಗೋಡೆ ದಾಟಿ, ಪಕ್ಕದ ಅಪಾರ್ಟ್‌ಮೆಂಟಿನ ಜನರೇಟರ್ ಕೋಣೆ ಹೊಕ್ಕು ಹೊರಬಂದಿರುತ್ತಿದ್ದರು. ನಮ್ಮ ಮನೆಯವರು ಅದನ್ನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ತೋರಿಸಿ ನಗುತ್ತಿದ್ದರು. ಕಟ್ಟಡ ಎತ್ತರವಿದ್ದರೆ ಸಿಗ್ನಲ್ ಗೋಡೆಗೆ ಬಡಿದು ದಾರಿ ತಪ್ಪುತ್ತದೆ ಎಂದು ಪಾಠವನ್ನೂ ಮಾಡುತ್ತಿದ್ದರು.

ಒಂದು ಬೆಳಿಗ್ಗೆ ಬೇಗಂಪೇಟೆಯ ಆಫೀಸಿನಿಂದ ಅವರ ಫೋನ್ ಬಂತು.

"ಅವ್ವ ಏನ್ ಮಾಡಾಕತ್ತಾಳ?"

"ರೊಟ್ಟಿ ಬಡಿಯಾಕತ್ತಾರ್ರಿ."

"ಹಾರ್ಟ್ ರೇಟ್ ನೂರಾ ಅರವತ್ತೆಂಟು ತೋರ್ಸಾಕತ್ತೈತಿ! ಮೊದಲ ಮಲಗಸು ಆಕೀನ್ನ!"

ಅಡುಗೆಮನೆಗೆ ಓಡಿದೆ. ಅತ್ತೆ ಪರಾತದಲ್ಲಿ ಜೋಳದ ಹಿಟ್ಟಿನ ಮುದ್ದೆ ಇಟ್ಟು ತಟ್ಟುತ್ತಿದ್ದರು. ಬೆವರಿಲ್ಲ, ಏದುಸಿರಿಲ್ಲ. "ನನಗೇನಾಗೈತಿ?" ಎಂದರು. ಮರುದಿನವೂ ಅದೇ ಹೊತ್ತಿಗೆ ಅದೇ ಅಂಕಿ. ಆಮೇಲೆ ಅತ್ತೆಗೆ ರೊಟ್ಟಿ ಬಡಿಯುವುದು ಬಂದ್ ಆಯಿತು.

ರಸ್ತೆ ಬದಿಯಲ್ಲಿ ಒಬ್ಬಾಕೆ ಜೋಳದ ರೊಟ್ಟಿ ಮಾರುತ್ತಾಳೆ, ಇಲ್ಲಿಯ ತೆಲುಗಿನಲ್ಲಿ ಜೊನ್ನ ರೊಟ್ಟೆ. ಅವನ್ನೇ ತಂದೆವು. ಚೆನ್ನಾಗಿಯೇ ಇದ್ದವು. ಅತ್ತೆ ಅವುಗಳಲ್ಲಿ ಹುಳುಕು ತೆಗೆಯಲಿಲ್ಲ. ತೆಗೆದಿದ್ದರೆ ನನಗೆ ಧೈರ್ಯವಾಗುತ್ತಿತ್ತು. ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಸೋಫಾದಲ್ಲಿ ಕೂತಿರುತ್ತಿದ್ದರು. ಗಡಿಯಾರ ಮಾತ್ರ ಬಹಳ ಸಂತೋಷವಾಗಿತ್ತು, ಅವರ ಎದೆಬಡಿತ ಉತ್ತಮವೆಂದು ಹಸಿರು ಬಣ್ಣದಲ್ಲಿ ಶಹಬ್ಬಾಸ್ ಕೊಡುತ್ತಿತ್ತು. ಒಂದು ಮಧ್ಯಾಹ್ನ ಅತ್ತೆ, "ನನ್ನ ರಾಯಚೂರಿಗೆ ಮಗಳ ಮನಿಗೆ ಕಳಿಸಿಬಿಡ್ರವ್ವಾ. ಬರೇ ಉಣ್ಣಾಕ ಇಲ್ಲಿ ಯಾಕ ಕುಂದ್ರಲಿ?" ಎಂದರು. ನನಗೆ ಆ ಗಡಿಯಾರದ ಮೇಲೆ ಸಿಟ್ಟು ಬಂತು. ನಮ್ಮ ಮನೆಯವರು ಅಲ್ಲಿ ವಿಶ್ರಾಂತಿ ಸಿಗುತ್ತದೆಂದು ಸೋಮವಾರಕ್ಕೆ ಟಿಕೆಟ್ ಮಾಡಿಸಿಯೇಬಿಟ್ಟರು.

ಹೋಗುವ ಮುಂಚೆ ಡಾಕ್ಟರಿಗೆ ತೋರಿಸಲೇಬೇಕೆಂದು ಹಟ ಹಿಡಿದವಳು ನಾನು. ಅವರು ಅತ್ತೆಯ ಎದೆಗೆ ವೈರು ಅಂಟಿಸಿ, ಸೊಂಟಕ್ಕೆ ಎದೆಬಡಿತ ಬರೆದಿಡುವ ಒಂದು ಸಣ್ಣ ಡಬ್ಬಿ ಸಿಕ್ಕಿಸಿ, ಒಂದು ದಿನ ಎಂದಿನ ಕೆಲಸವನ್ನೆಲ್ಲ ಮಾಡಲು ಹೇಳಿದರು. ರೊಟ್ಟಿಯನ್ನೂ ಬಡಿಯಬಹುದೇ ಎಂದು ಕೇಳಿದೆ. ಅದನ್ನು ಮೊದಲು ಮಾಡಿಸಿ ಎಂದರು. ಆ ಹೊತ್ತಿನಲ್ಲಿ ಡಬ್ಬಿಯ ಲೆಕ್ಕ ತೊಂಬತ್ತೂ ದಾಟಲಿಲ್ಲ. ಕೈಗಡಿಯಾರ ಎದೆಯನ್ನು ನೋಡುವುದಿಲ್ಲ, ಚರ್ಮಕ್ಕೆ ಬೆಳಕು ಬಿಟ್ಟು ಒಳಗಿನ ರಕ್ತದ ಏರಿಳಿತ ನೋಡುತ್ತದೆ, ಗಡಿಯಾರ ಸಡಿಲವಿದ್ದು ಕೈ ಒಂದೇ ತಾಳದಲ್ಲಿ ಕುಣಿದರೆ ಆ ಕುಣಿತವನ್ನೇ ನಾಡಿಯೆಂದು ಎಣಿಸುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು.

ನಮ್ಮ ಮನೆಯವರಿಗೆ ಸಮಾಧಾನವಾಗಲಿಲ್ಲ. "ಡಬ್ಬಿ ಒಂದ ದಿನ ನೋಡೈತಿ. ವಾಚು ದಿನಾ ನೋಡತೈತಿ."

"ಅತ್ತೀನ್ನ ನೀರಿನ ಮ್ಯಾಲೆ ನಡಿಸಿದ ವಾಚ್ ರೀ ಅದು."

"ಅದು ಜಿಪಿಎಸ್. ಇದು ಹಾರ್ಟ್."

ಭಾನುವಾರ ಅತ್ತೆಯ ಚೀಲ ಬಾಗಿಲ ಬಳಿ ಬಂದು ಕೂತಿತು. ಅದನ್ನು ನೋಡಿ ನನ್ನ ತಲೆ ಕೆಟ್ಟಿತು. ಅತ್ತೆಯ ಕೈಯಿಂದ ಗಡಿಯಾರ ಬಿಚ್ಚಿ, ನಮ್ಮ ಮನೆಯವರ ಬಲಗೈಗೆ ಅಷ್ಟೇ ಸಡಿಲವಾಗಿ ಕಟ್ಟಿ, ಅವರನ್ನು ಪರಾತದ ಮುಂದೆ ನಿಲ್ಲಿಸಿದೆ. "ಬಡೀರಿ," ಎಂದೆ. ಐವತ್ತು ದಾಟಿದರೂ ಅವರು ರೊಟ್ಟಿಯ ಹಿಟ್ಟು ಮುಟ್ಟಿದವರಲ್ಲ. ಆದರೂ ನನ್ನ ಮುಖ ನೋಡಿ ಬಡಿದರು. ರೊಟ್ಟಿ ಹರಿಯಿತು, ಅಂಕಿ ಏರಿತು. ನೂರಾ ಎಪ್ಪತ್ತು ಕಂಡದ್ದೇ ಅವರ ಮುಖ ಬಿಳಿಚಿಕೊಂಡಿತು. "ನನಗೇನೋ ಆಗಾಕತ್ತೈತಿ," ಎಂದು ನೆಲದ ಮೇಲೆ ಕೂತುಬಿಟ್ಟರು.

ನಾನು ನಗಬೇಕೆಂದಿದ್ದೆ, ಆಗಲಿಲ್ಲ. ಅತ್ತೆ ಅವರ ಪಕ್ಕದಲ್ಲಿ ಕೂತು, ಗಡಿಯಾರವನ್ನು ಮೇಲಕ್ಕೆ ಸರಿಸಿ, ಮಗನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು.

"ಏನೂ ಆಗಿಲ್ಲ. ಅಂಜೀದಿ, ಅಷ್ಟ," ಎಂದರು. ಆಮೇಲೆ ಮೆಲ್ಲಗೆ, "ನನಗೂ ಒಮ್ಮೆ ಹಿಂಗ ಕೈ ಹಿಡದು ನೋಡಿದ್ರ ಆಗ್ತಿತ್ತಲ್ಲೋ ಅಪ್ಪಾ," ಎಂದರು.

ನಮ್ಮ ಮನೆಯವರು ಹಿಟ್ಟು ಮೆತ್ತಿದ ಕೈಯಿಂದಲೇ ತಾಯಿಯ ಕೈ ಹಿಡಿದುಕೊಂಡರು. "ನಾಳೆ ಹೋಗಬ್ಯಾಡವ್ವಾ," ಎಂದರು.

"ಮೊದಲ ಆಕಡೆ ಸರಿ," ಎಂದರು ಅತ್ತೆ. "ಹಂಚು ಕಾದೈತಿ."