ಮ್ಯೂಸಿಯಮ್ಮನ ಕಲ್ಲು

ಆ ಮ್ಯೂಸಿಯಂ ರಿಸೆಷನ್‌ನಿಂದ ಮುಚ್ಚಿತು ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳು. ಮುಚ್ಚಿಸಿದ್ದು ನಾನು, ಒಂದು ಬ್ರಷ್ಷು ಮತ್ತು ನಿಂಬೆ ವಾಸನೆಯ ಸೋಪಿನಿಂದ. ಹೋದ ವಾರ ಮಗಳು ಅದೇ ಸೋಪು ತಂದಳು. ಮುಚ್ಚಳ ತೆಗೆದೆ, ಆ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವಳ ಮುಖ ಎದುರಿಗೆ ಬಂತು...

ಅಮೆರಿಕದ ವಾರೆನ್‌ನಲ್ಲಿ ಕಾರ್ ಕಂಪನಿ ಕೆಲಸ ಹೋದಮೇಲೆ ಮಗಳು ಮನೆಯಲ್ಲಿ ಕೂರಲಾರದೆ ಆ ಮ್ಯೂಸಿಯಂನಲ್ಲಿ ಪುಕ್ಕಟೆ ಕೆಲಸ ಮಾಡುತ್ತಿದ್ದಳು. ನನ್ನನ್ನೂ ಕರೆದೊಯ್ಯುತ್ತಿದ್ದಳು. ಮುಚ್ಚಿಹೋದ ಲಾಂಡ್ರಿ ಪಕ್ಕ ಎರಡು ಕೋಣೆ. ಯಾವುದೋ ದ್ವೀಪದ ಮೂಲನಿವಾಸಿಗಳ ಮಡಕೆ ಚೂರು, ಮೂಳೆಯ ಸೂಜಿ, ಒಂದು ಚಿಕ್ಕ ಅರೆಯುವ ಕಲ್ಲು. ನೋಡಿಕೊಳ್ಳುತ್ತಿದ್ದವಳು ಆ ಜನರ ಪೈಕಿಯವಳೇ, ನನ್ನ ವಯಸ್ಸಿನವಳು. ಮ್ಯೂಸಿಯಂ ಅನ್ನುವುದು ನನ್ನ ಬಾಯಲ್ಲಿ ಮ್ಯೂಸಿಯಮ್ಮ ಆಗುತ್ತಿತ್ತು. ಆಕೆ ತನ್ನನ್ನೇ ಕರೆದೆ ಅಂದುಕೊಂಡು "ಯೆಸ್?" ಅನ್ನುತ್ತಿದ್ದಳು. ಅದೇ ಹೆಸರು ನಿಂತಿತು.

ಮ್ಯೂಸಿಯಂ ನಡೆಸುವ ಶಕ್ತಿ ಆಕೆಗೆ ಇರಲಿಲ್ಲ. ಉಳಿದದ್ದು ಒಂದೇ ದಾರಿ. ಕಲ್ಲಿನ ಗುಳಿಯಲ್ಲಿ ಅಂಟಿದ್ದ ಹಳೇ ಹಿಟ್ಟನ್ನು ಪರೀಕ್ಷಿಸಿ, ಆ ಜನ ಏನು ಬೆಳೆದು ತಿನ್ನುತ್ತಿದ್ದರು ಅಂತ ತಿಳಿದರೆ, ಮ್ಯೂಸಿಯಂ ನಾವೇ ನಡೆಸುತ್ತೇವೆ ಅಂತ ಒಂದು ಕಾಲೇಜಿನವರು ಒಪ್ಪಿದ್ದರು. ಇದೆಲ್ಲ ಇಂಗ್ಲಿಷಿನಲ್ಲಿ ನಡೆದ ಮಾತು. ನನಗೆ ಆಗ ತಿಳಿದದ್ದು ಇಷ್ಟೇ, ನಾಳೆ ಯಾರೋ ದೊಡ್ಡವರು ಕಲ್ಲು ನೋಡಲು ಬರುತ್ತಾರೆ.

ಬರುವವರ ಮುಂದೆ ಎಂಜಲು ಕಲ್ಲು ಇಡುವುದೇ? ಹಿಂದಿನ ಸಿಂಕಿಗೆ ಎತ್ತಿಕೊಂಡು ಹೋಗಿ ಗಸಗಸ ತಿಕ್ಕಿದೆ.

"ಅಮ್ಮಾ, ಏನ್ ಮಾಡ್ಬಿಟ್ಟೆ! ಆ ಹಿಟ್ಟೊಂದೇ ಇದ್ದಿದ್ದು ಕಣಮ್ಮಾ!" ಮಗಳು ನೆಲದ ಮೇಲೆ ಕೂತುಬಿಟ್ಟಳು.

"ಹೇಳ್ಬೇಕಿತ್ತು. ಕಲ್ಲು ಕಂಡ್ರೆ ತೊಳೀತೀನಿ, ಇನ್ನೇನ್ ಪೂಜೆ ಮಾಡ್ಲಾ?" ಅಂದೆ.

ಮ್ಯೂಸಿಯಮ್ಮ ಬಗ್ಗಿ ಗುಳಿಯನ್ನು ಮೂಸಿದಳು. ಆಮೇಲೆ ಏನೋ ಅಂದಳು. ಮಗಳು ನನ್ನ ಮುಖ ನೋಡದೆ ಕನ್ನಡದಲ್ಲಿ ಹೇಳಿದಳು: "ನಮ್ಮಜ್ಜಿ ಊಟ ಮಾಡಿ ಎದ್ದು ಐನೂರು ವರ್ಷ ಆಯ್ತು, ಇವತ್ತು ಪಾತ್ರೆ ತೊಳೆದ್ರಾ, ಅಂತಿದಾರೆ."

"ಸಾರಿ" ಅಂದೆ. ನನಗೆ ಬರುತ್ತಿದ್ದ ಇಂಗ್ಲಿಷು ಅಷ್ಟೇ. ಆಕೆ ನನ್ನ ಒದ್ದೆ ಕೈಗೆ ಟವೆಲ್ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಕಾಲೇಜಿನವರು ಬಂದರು, ನೋಡಿದರು, ಹೋದರು. ತಿಂಗಳೊಳಗೆ ಎಲ್ಲ ಪೆಟ್ಟಿಗೆ ಸೇರಿ ಎಲ್ಕ್ ಗ್ರೋವ್ ವಿಲೇಜ್ ಅನ್ನುವ ಊರಿನ ಯಾವುದೋ ಗೋದಾಮಿಗೆ ಹೋಯಿತು. ಕಲ್ಲನ್ನು ಸುತ್ತಿದ್ದು ಅದೇ ಟವೆಲ್ಲಿನಲ್ಲಿ.

ಹೋದ ವಾರ ಸೋಪಿನ ಬಾಟಲಿ ಹಿಡಿದೇ ಕೇಳಿದೆ, ಆಕೆ ಹೇಗಿದ್ದಾಳೆ ಅಂತ.

"ಹೋಗ್ಬಿಟ್ರು ಅಮ್ಮ. ಎರಡು ವರ್ಷ ಆಯ್ತು. ನಿನಗೆ ಹೇಳಿರ್ಲಿಲ್ಲ."

ಮಾರನೆಯ ಬೆಳಗ್ಗೆ ನಮ್ಮ ಕಲ್ಲಿನಲ್ಲಿ ಅಕ್ಕಿ ಅರೆದೆ. ತೊಳೆಯದೆ ಹಾಗೆಯೇ ಬಿಟ್ಟು ಎದ್ದೆ.