ಸಿಲಿಂಡರಣ್ಣನ ಸೂರಿನ ಸವಾರಿ

ಹೊರಗಿನವರನ್ನು ನಡುಮನೆಯಲ್ಲಿ ಕೂರಿಸುವುದುಂಟು, ಅಡುಗೆಮನೆಗೆ ಬಿಟ್ಟುಕೊಳ್ಳುವುದು ಕಡಿಮೆ. ಸಿಲಿಂಡರಣ್ಣ ಮಾತ್ರ ಅರ್ಧ ಊರಿನ ಅಡುಗೆಮನೆ ಕಂಡವನು. ಸೈಕಲ್ಲಿನ ಎರಡೂ ಪಕ್ಕ ಕೊಕ್ಕೆ ಹಾಕಿ ತುಂಬಿದ ಗ್ಯಾಸ್ ಸಿಲಿಂಡರ್ ತೂಗುಬಿಟ್ಟುಕೊಂಡು ಬರುವುದು, ಒಂದನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತುವುದು, ಒಲೆಯ ಪಕ್ಕ ಇಳಿಸಿ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೋ ಎಂದು ನೋಡುವುದು, ಆಮೇಲೆ ಖಾಲಿಯದನ್ನು ಹೊತ್ತು ಇಳಿಯುವುದು. ಇದು ಅವನ ಕೆಲಸ. ಯಾರ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದೆ, ಯಾರ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ, ಎಲ್ಲವೂ ಅವನ ಕಣ್ಣಿಗೆ ಬೀಳುತ್ತಿತ್ತು. ಒಂದು ಮನೆಯ ಮಾತನ್ನು ಇನ್ನೊಂದು ಮನೆಯ ಹೊಸಿಲು ದಾಟಿಸಿದವನಲ್ಲ. ಅದಕ್ಕೇ ಬಾಗಿಲು ತೆಗೆದವರು ಒಳಗೆ ಕರೆದು, "ಒಂದು ಲೋಟ ನೀರು ಕುಡೀರಿ" ಎನ್ನುತ್ತಿದ್ದರು.

ಅವನದೇ ಅಡುಗೆಮನೆ ಮೊದಲು ಮಂಚದ ಕಾಲ ಬುಡದಲ್ಲಿತ್ತು. ಬಾಡಿಗೆಯ ಒಂದೇ ಕೋಣೆ. ಹೆಂಡತಿ ಒಗ್ಗರಣೆ ಹಾಕಿದರೆ ಮಕ್ಕಳು ಹೊದಿಕೆಯೊಳಗೇ ಸೀನುತ್ತಿದ್ದರು. ಊರ ಅಂಚಿನಲ್ಲಿ ಮನೆ ಸಂಘದವರು, ದುಡಿದು ತಿನ್ನುವವರಿಗೆಂದು ಕಡಿಮೆ ಬೆಲೆಯ ಮನೆಗಳನ್ನು ಸಾಲಾಗಿ ಕಟ್ಟಿದರು. ಮೊದಲ ಸಾಲಿನಲ್ಲಿ ಅವನಿಗೊಂದು ಮನೆ ಸಿಕ್ಕಿತು. ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಒಂದು ಗೋಡೆ. ಆ ಗೋಡೆಯನ್ನು ಕಂಡರೆ ಅವನ ಹೆಂಡತಿಗೆ ಈಗಲೂ ಕಣ್ಣು ತುಂಬುತ್ತದೆ. "ಮನೆ ಕಟ್ಟಿ ನೋಡು ಅಂತಾರೆ. ನಮಗೆ ಕಟ್ಟಿದ ಮನೆ ನೋಡೋ ಭಾಗ್ಯ ಬಂತು ನೋಡಿ" ಎಂದು ಬಂದವರಿಗೆಲ್ಲ ಹೇಳುತ್ತಾಳೆ.

ಸಂಘಕ್ಕೆ ಹಣ ಬರುತ್ತಿದ್ದ ದಾರಿಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಸೈಕಲ್ ಸವಾರಿಯೂ ಒಂದು. ಬೆಟ್ಟದ ಆಚೆಯ ದೊಡ್ಡ ಪಟ್ಟಣದಿಂದ ಹೊರಟು, ಊರೂರು ಸುತ್ತಿ, ಬೆಟ್ಟ ಹತ್ತಿ ಇಳಿದು ಇಲ್ಲಿಗೆ ಬಂದು ಮುಟ್ಟಬೇಕು. ಸವಾರರು ಮೊದಲೇ ಪರಿಚಯದವರ ಹತ್ತಿರ ಹೋಗಿ, "ನಾನು ಪೂರ್ತಿ ದಾರಿ ಮುಗಿಸಿದರೆ ಇಷ್ಟು ಕೊಡಿ" ಎಂದು ಮಾತು ತೆಗೆದುಕೊಳ್ಳುವುದು. ಕಟ್ಟಳೆ ಒಂದೇ: ತುಳಿದೋ ತಳ್ಳಿಯೋ ಸೈಕಲ್ಲನ್ನು ತಾನೇ ತರಬೇಕು. ಹಿಂದೆ ಬರುವ ವ್ಯಾನು ಹತ್ತಿದರೆ ಅವನ ಹೆಸರಿನ ಮಾತುಗಳೆಲ್ಲ ಬಿದ್ದುಹೋದವು.

ಆ ವರ್ಷ ಸಿಲಿಂಡರಣ್ಣ ಹೊರಟಿದ್ದು ಅತ್ತಿಗೆಗಾಗಿ. ತಾಯಿ ತೀರಿಕೊಂಡಾಗ ಅವನಿನ್ನೂ ಹುಡುಗ; ಅಣ್ಣನ ಹೆಂಡತಿಯೇ ಉಣ್ಣಿಸಿ ಸಾಕಿದವರು. ಅಣ್ಣ ಹೋದ ಮೇಲೆ ಅತ್ತಿಗೆ ಮೂರನೇ ಮಹಡಿಯ ಬಾಡಿಗೆ ಕೋಣೆಯಲ್ಲಿ ಕೂತು ಹಾಸಿಗೆ ಅಂಗಡಿಗೆ ದಿಂಬಿನ ಕವರು ಹೊಲಿಯುತ್ತಿದ್ದರು. ಮಂಡಿ ಹಿಡಿದುಕೊಂಡು ವಾರಕ್ಕೊಮ್ಮೆ ಇಳಿದರೆ ಅದೇ ಹೆಚ್ಚು. ಈಗ ಮಾಲೀಕ ಕಟ್ಟಡ ಮಾರುತ್ತಿದ್ದ. ವರ್ಷದ ಕೊನೆಯೊಳಗೆ ಖಾಲಿ ಮಾಡಬೇಕು. ಸಂಘದ ಎರಡನೇ ಸಾಲಿನ ತುದಿಯ ಮನೆ ಅತ್ತಿಗೆಯ ಹೆಸರಿಗೆ ಬಂದಿತ್ತು. ಗೋಡೆ ಕಿಟಕಿಯ ಮಟ್ಟಕ್ಕೆ ಬಂದು ನಿಂತಿತ್ತು. ಮಿಕ್ಕ ಗೋಡೆ, ಮೇಲಿನ ಸೂರು, ಎರಡೂ ಸಿಲಿಂಡರಣ್ಣ ತರುವ ಮಾತುಗಳ ಮೇಲೆ ನಿಂತಿದ್ದವು. ಅವನು ಮುಟ್ಟದಿದ್ದರೆ ಆ ಮನೆ ಮುಂದಿನ ವರ್ಷಕ್ಕೆ.

"ಅಲ್ಲೀವರೆಗೆ ನಮ್ಮನೇಲೇ ಇರಿ ಅತ್ತಿಗೆ" ಎಂದಿದ್ದ.

"ಎಲ್ಲಿ ಇರ್ಲಪ್ಪ? ನಿನ್ನ ಮಕ್ಕಳ ತಲೆ ಮೇಲಾ? ನಿಮಗೇ ಕಾಲು ಚಾಚೋಕೆ ಜಾಗ ಇಲ್ಲ" ಎಂದು ಅತ್ತಿಗೆ ಸೂಜಿಗೆ ದಾರ ಪೋಣಿಸುತ್ತ ಮಾತು ಮುಗಿಸಿದ್ದರು.

ಹೀಗಾಗಿ ಇಷ್ಟು ವರ್ಷ ನೀರು ಬಿಟ್ಟು ಬೇರೇನೂ ಕೇಳದವನು ಅಡುಗೆಮನೆ ಅಡುಗೆಮನೆಯಲ್ಲೂ ಬಾಯಿ ಬಿಟ್ಟ. ಕೇಳುವಾಗ ಕಿವಿ ಕೆಂಪಾಗುತ್ತಿತ್ತು, ಕಣ್ಣು ರೆಗ್ಯುಲೇಟರಿನ ಮೇಲೆಯೇ ಇರುತ್ತಿತ್ತು. ಇಲ್ಲ ಎಂದವರು ಬೆರಳೆಣಿಕೆ. ಅತ್ತೆಯೊಡನೆ ಮಾತು ಬಿಟ್ಟಿದ್ದ ಸೊಸೆಯೊಬ್ಬಳು, "ನಂದು ಬೇರೆ, ಅವರದ್ದು ಬೇರೆ ಬರ್ಕೊಳಿ" ಎಂದಳು. ಒಳಗಿನಿಂದ ಅತ್ತೆ, "ಅವಳಿಗಿಂತ ಒಂದು ರೂಪಾಯಿ ಜಾಸ್ತಿ ಬರ್ಕೊಳಪ್ಪಾ" ಎಂದು ಕೂಗಿದರು. ಜಗಳವೂ ಒಮ್ಮೊಮ್ಮೆ ಪುಣ್ಯ ಕಟ್ಟಿಕೊಳ್ಳುತ್ತದೆ.

ಸವಾರಿಯ ಮುಂದಾಳು ಒಬ್ಬರು ಹಲ್ಲಿನ ಡಾಕ್ಟರು. ಎಲ್ಲರಿಗೂ ಡಾಕ್ಟ್ರಮ್ಮ. ಅಭ್ಯಾಸದ ಮೊದಲ ದಿನ ಅವರು ಯಾರೋ ದಾನ ಕೊಟ್ಟಿದ್ದ ಗೇರ್ ಸೈಕಲ್ಲೊಂದನ್ನು ಅವನ ಕೈಗಿಟ್ಟರು. ಒಂದೇ ಬೆರಳಲ್ಲಿ ಎತ್ತಬಹುದಾದಷ್ಟು ಹಗುರ. ಸಿಲಿಂಡರಣ್ಣ ಹತ್ತಿದ, ಎರಡು ಸಲ ತುಳಿದ, ಹಾವಿನ ಹಾಗೆ ಹೊರಳಿ ಗೇಟಿನ ಕಂಬಕ್ಕೆ ಗುದ್ದಿ ಬಿದ್ದ. ಇನ್ನೊಮ್ಮೆ ಹತ್ತಿದ, ಇನ್ನೊಮ್ಮೆ ಬಿದ್ದ.

ಸವಾರರಲ್ಲಿ ಬೇಕರಿಯವನೊಬ್ಬನಿದ್ದ. ಬಾಯಿಗೆ ಬೀಗ ಇಲ್ಲದವನು. "ಅಣ್ಣಾ, ಹುಟ್ಟಿದಾಗಿಂದ ಸೈಕಲ್ ಮೇಲೇ ಇದೀರಿ. ಇಳಿಯೋದು ಮಾತ್ರ ಕಲಿತ್ರಾ ಹೆಂಗೆ?" ಎಂದು ನಕ್ಕ.

"ಈ ಹ್ಯಾಂಡಲ್ ಸರಿ ಇಲ್ಲ" ಎಂದ ಸಿಲಿಂಡರಣ್ಣ, ಮಂಡಿ ಒರೆಸಿಕೊಳ್ಳುತ್ತ.

ಹ್ಯಾಂಡಲ್ ಸರಿಯಾಗಿಯೇ ಇತ್ತು. ಮನೆಗೆ ನಡೆಯುವಾಗ ಅವನಿಗೇ ಹೊಳೆಯಿತು. ಹೋಗುವಾಗ ತುಂಬಿದ ಸಿಲಿಂಡರು, ಬರುವಾಗ ಖಾಲಿ ಸಿಲಿಂಡರು. ಖಾಲಿ ಎಂದರೂ ಅದು ಕಬ್ಬಿಣವೇ. ಭಾರವಿಲ್ಲದ ಸೈಕಲ್ಲನ್ನು ಅವನು ಕೊನೆಯ ಸಲ ಯಾವಾಗ ಹತ್ತಿದ್ದನೋ ಅವನಿಗೇ ನೆನಪಿರಲಿಲ್ಲ. ಅವನ ತೋಳು, ಸೊಂಟ, ಕೈಬೆರಳು ಎಲ್ಲವೂ ಭಾರದ ಲೆಕ್ಕದಲ್ಲೇ ಪಳಗಿದ್ದವು. ಆದರೆ ಇದನ್ನು ಯಾರೆದುರು ಹೇಳುವುದು? ಮೀನಿಗೆ ಈಜು ಬರುವುದಿಲ್ಲ ಎಂದ ಹಾಗಾದೀತು.

ಮರುದಿನ ತನ್ನದೇ ಹಳೇ ಸೈಕಲ್ ತಂದ. ಸವಾರರ ಬ್ಯಾಗುಗಳನ್ನೆಲ್ಲ ನೋಡಿ, "ಅವನ್ನ ವ್ಯಾನಿಗ್ಯಾಕೆ ಹಾಕ್ತೀರಿ? ನನ್ನ ಸೈಕಲ್ಲಿಗೆ ಕಟ್ಟಿ" ಎಂದ. ಕೊಕ್ಕೆಗಳಿಗೊಂದಿಷ್ಟು, ಕ್ಯಾರಿಯರಿಗೊಂದಿಷ್ಟು ಹೇರಿದ ಮೇಲೆ ಸೈಕಲ್ ಗೆರೆ ಎಳೆದ ಹಾಗೆ ನೇರವಾಗಿ ಓಡಿತು.

"ಎಂಥ ದೊಡ್ಡ ಮನಸ್ಸು!" ಎಂದರು ಡಾಕ್ಟ್ರಮ್ಮ.

ಸಿಲಿಂಡರಣ್ಣನಿಗೆ ನಾಚಿಕೆಯಾಯಿತು. ಆದರೆ ಹೊಗಳಿದವರ ಬಾಯಿ ಮುಚ್ಚಿಸುವುದು ಹೇಗೆಂದು ತಿಳಿಯದೆ ಬ್ಯಾಗುಗಳ ಹಗ್ಗ ಬಿಗಿಯತೊಡಗಿದ. ಸವಾರಿ ಹೊರಟ ಮೇಲಂತೂ ಅವನ ದೊಡ್ಡ ಮನಸ್ಸಿನ ಸುದ್ದಿ ಅವನಿಗಿಂತ ಮುಂದೆ ಹೋಗಿ ಊರು ಸೇರುತ್ತಿತ್ತು. ಶಾಲೆಯ ಅಂಗಳದಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು. ರಸ್ತೆ ಬದಿಯ ಅಂಗಡಿಯವರು ಚಹಾಕ್ಕೆ ಕಾಸು ತೆಗೆದುಕೊಳ್ಳಲಿಲ್ಲ. ಪಂಚರ್ ಹಾಕುವವನೊಬ್ಬ ಟೈರು ನೋಡಿ, "ಇಷ್ಟು ಹೇರಿದ್ರೆ ಎಷ್ಟು ದೂರ ಹೋದೀತು ಯಜಮಾನ್ರೇ?" ಎಂದು ಬೈಯುತ್ತಲೇ ತನ್ನಲ್ಲಿದ್ದ ಹೊಸ ಟ್ಯೂಬು ಹಾಕಿ ಕಳಿಸಿದ. ಇಷ್ಟು ಜನರ ಋಣ ಹೊತ್ತು ಸಾಗುವುದು ಅವನಿಗೆ ಬ್ಯಾಗುಗಳಿಗಿಂತ ಭಾರವೆನಿಸಿತು. ಆದರೂ ಅದೊಂದು ಸುಖದ ಭಾರ.

ಕೊನೆಯ ದಿನ ಬೆಟ್ಟ ಎದುರಾಯಿತು. ಗೇರ್ ಸೈಕಲ್ಲಿನವರು ಏದುಸಿರು ಬಿಡುತ್ತ ಮೇಲೆ ಹೋದರು. ಸಿಲಿಂಡರಣ್ಣ ಇಳಿದು ತಳ್ಳಿದ. ಬೆವರು ಕಣ್ಣಿಗಿಳಿಯಿತು. ನೆತ್ತಿ ಹತ್ತಿರವಾಗುವಾಗ ಡಾಕ್ಟ್ರಮ್ಮ, ಬೇಕರಿಯವ, ಉಳಿದವರೆಲ್ಲ ಅವನಿಗಾಗಿ ಕೆಳಗಿಳಿದು ಬಂದರು.

"ಸಾಕು, ಇಳಿಸಿ. ಇಷ್ಟು ದಿನ ನಮ್ಮದು ಹೊತ್ತಿದ್ದು ಸಾಕು" ಎಂದು ಡಾಕ್ಟ್ರಮ್ಮ ಹಗ್ಗ ಬಿಚ್ಚತೊಡಗಿದರು.

"ಇರ್ಲಿ ಬಿಡಿ ಡಾಕ್ಟ್ರಮ್ಮ, ನಂಗೇನೂ ಕಷ್ಟ ಇಲ್ಲ."

"ಕಷ್ಟ ಇಲ್ಲ ಅಂತೆ! ಅಂಗಿ ಹಿಂಡಿದ್ರೆ ಒಂದು ಬಕೆಟ್ ನೀರು ಬರುತ್ತೆ" ಎಂದ ಬೇಕರಿಯವ, ಎರಡು ಬ್ಯಾಗು ಕಿತ್ತುಕೊಂಡು.

ನಿಜ ಹೇಳುವ ಹೊತ್ತು ಅದೇ ಆಗಿತ್ತು. ಹೇಳಲಿಲ್ಲ. ಪ್ರೀತಿಯಿಂದ ಚಾಚಿದ ಕೈಯನ್ನು ತಳ್ಳುವುದು ಹೇಗೆ? ಸೈಕಲ್ ಬರಿದಾಯಿತು. ಇಳಿಜಾರು ಶುರುವಾಯಿತು. ಮೊದಲ ತಿರುವು ಹೇಗೋ ದಾಟಿದ. ಎರಡನೆಯ ತಿರುವಿನಲ್ಲಿ ಅವನ ಕೈ ವರ್ಷಗಳ ರೂಢಿಯಂತೆ ಬ್ರೇಕು ಹಿಡಿಯಿತು: ಎರಡು ತುಂಬಿದ ಸಿಲಿಂಡರ್ ನಿಲ್ಲಿಸಲು ಬೇಕಾದಷ್ಟು ಬಿಗಿ. ಚಕ್ರ ಅಲ್ಲೇ ಕಚ್ಚಿಕೊಂಡಿತು. ಸೈಕಲ್ ನಿಂತಿತು, ಅವನು ನಿಲ್ಲಲಿಲ್ಲ.

ಎಬ್ಬಿಸಿ ಕೂರಿಸಿದಾಗ ಎಡ ಮಣಿಕಟ್ಟು ಊದಿಕೊಂಡಿತ್ತು. "ನಾನು ಹಲ್ಲು ನೋಡೋಳು. ಆದ್ರೂ ಹೇಳ್ತೀನಿ, ಇದು ಮುರಿದಿದೆ" ಎಂದರು ಡಾಕ್ಟ್ರಮ್ಮ, ಕರವಸ್ತ್ರ, ಪಟ್ಟಿ ಸೇರಿಸಿ ಕಟ್ಟುತ್ತ.

ಹಿಂದೆ ವ್ಯಾನು ಬಂದು ನಿಂತಿತು. ಓಡಿಸುತ್ತಿದ್ದವರು ಸಂಘದ ಕಾರ್ಯದರ್ಶಿ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಗೆರೆ ಎಳೆದರೆ ಎಳೆದದ್ದೇ ಎನ್ನುವ ಮನುಷ್ಯ. ಅವರೇ ಬಾಗಿಲು ತೆಗೆದು, "ಹತ್ತಪ್ಪ. ಕೈಗಿಂತ ಯಾವುದೂ ಹೆಚ್ಚಲ್ಲ" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು. ಹತ್ತಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಸಿಲಿಂಡರಣ್ಣನ ಕಣ್ಣಿಗೆ ಕಿಟಕಿಯ ಮಟ್ಟಕ್ಕೆ ನಿಂತ ಗೋಡೆ ಬಂತು. "ಮೇಷ್ಟ್ರೇ, ತಳ್ಕೊಂಡು ಬಂದ್ರೂ ಆಗುತ್ತೆ ಅಂತ ನೀವೇ ಅಲ್ವಾ ಹೇಳಿದ್ದು?"

"ಹೇಳಿದ್ದೆ."

"ಬಲಗೈ ನೆಟ್ಟಗಿದೆ."

ಎದ್ದ. ಬಲಗೈಯಲ್ಲಿ ಹ್ಯಾಂಡಲ್ ಹಿಡಿದು ತಳ್ಳಿದ. ಖಾಲಿ ಸೈಕಲ್ ಅತ್ತಿತ್ತ ಓಲಾಡಿತು. ಆಗ ಅವನಿಗೆ ಇನ್ನು ತಡೆಯಲಾಗಲಿಲ್ಲ. "ಡಾಕ್ಟ್ರಮ್ಮ, ಒಂದು ಮಾತು. ನಂದು ದೊಡ್ಡ ಮನಸ್ಸೂ ಅಲ್ಲ, ಏನೂ ಅಲ್ಲ. ಭಾರ ಇಲ್ದೆ ನಂಗೆ ಸೈಕಲ್ ಓಡ್ಸೋಕೇ ಬರಲ್ಲ. ಅದಕ್ಕೇ ಬ್ಯಾಗ್ ಕೇಳಿದ್ದು."

ಡಾಕ್ಟ್ರಮ್ಮ ನಗತೊಡಗಿದರು. ನಗುತ್ತ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತೇಬಿಟ್ಟರು. "ಅಯ್ಯೋ ಪುಣ್ಯಾತ್ಮ! ಉಪಕಾರ ಮಾಡ್ತೀವಿ ಅಂತ ನಿಮ್ಮನ್ನ ಬೀಳಿಸಿದ್ದು ನಾವೇ!"

"ಕಟ್ರೋ, ಕಟ್ರೋ! ಅಣ್ಣಂಗೆ ಭಾರ ಕಟ್ರೋ! ಸಾಲದಿದ್ರೆ ನಾನೇ ಹತ್ತಿ ಕೂತ್ಕೋತೀನಿ" ಎಂದ ಬೇಕರಿಯವ. ನಾಲ್ಕು ಬ್ಯಾಗು ಮತ್ತೆ ಏರಿದವು. ಸೈಕಲ್ ತೆಪ್ಪಗೆ ನಿಂತಿತು. ಒಂಟಿ ಕೈಯಲ್ಲೂ ಹೇಳಿದ ಮಾತು ಕೇಳಿತು. ಅವನು ನಡೆದ. ಡಾಕ್ಟ್ರಮ್ಮ ತಮ್ಮ ಸೈಕಲ್ಲಿನಿಂದ ಇಳಿದು ಪಕ್ಕದಲ್ಲಿ ನಡೆದರು. ಬೇಕರಿಯವ ಇಳಿದ. ಒಬ್ಬರ ಹಿಂದೊಬ್ಬರು ಎಲ್ಲರೂ ಇಳಿದರು. ಬೆಟ್ಟದ ಕೆಳಗಿನ ಊರಿನಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು ಈ ಮೆರವಣಿಗೆ ನೋಡಿ ನಿಂತು, "ಏನ್ರಪ್ಪಾ, ಎಲ್ಲರದ್ದೂ ಒಂದೇ ಸಲ ಪಂಚರಾ?" ಎಂದಳು. ಬೇಕರಿಯವ, "ಇಲ್ಲ ಅಜ್ಜಿ, ಇವರೊಬ್ಬರದು. ನಮ್ಮದು ಜೊತೆಗೆ" ಎಂದ.

ಸಂಜೆಯಾಗುತ್ತಿದ್ದಂತೆ ಊರು ಮುಟ್ಟಿದರು. ಅಡುಗೆಮನೆಗಳಲ್ಲಿ ಮಾತು ಕೊಟ್ಟವರೆಲ್ಲ ಸಂಘದ ಅಂಗಳದಲ್ಲಿ ಕಾಯುತ್ತಿದ್ದರು. ಮೇಷ್ಟ್ರು ವ್ಯಾನಿನಿಂದ ಇಳಿದು, ಯಾರೂ ಕೇಳದಿದ್ದರೂ, "ಕಟ್ಟಳೆ ಪ್ರಕಾರವೇ ಬಂದಿದ್ದಾನೆ. ನಾನೇ ಸಾಕ್ಷಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಹೆಂಡತಿ ಕೈ ನೋಡಿ, "ರೀ, ಸೈಕಲ್ ಓಡ್ಸೋಕೆ ಹೋದ್ರೋ, ಕುಸ್ತಿ ಆಡೋಕೆ ಹೋದ್ರೋ?" ಎಂದು ಬೈದಳು. ಬೈಯುತ್ತಲೇ ಅವನ ನೆಟ್ಟಗಿದ್ದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೂರನೇ ಮಹಡಿ ಹತ್ತಿದಾಗ ಅತ್ತಿಗೆ ಮೊದಲು ಕೇಳಿದ್ದು ಮನೆಯ ಸುದ್ದಿಯನ್ನಲ್ಲ. "ಊಟ ಮಾಡಿದ್ಯೇನೋ?" ಎಂದರು. ತಟ್ಟೆ ಹಾಕಿ, ಎಡಗೈ ಅಲುಗದಂತೆ ಅದರಡಿಗೆ ಹೊಸ ದಿಂಬಿಟ್ಟು, ಎದುರಿಗೆ ಕೂತರು. ಅವನು ಉಂಡು ಮುಗಿಸುವವರೆಗೂ ಅಳಲಿಲ್ಲ. ಆಮೇಲೆ ತಟ್ಟೆ ಎತ್ತುವಾಗ ಮಾತ್ರ ಒಂದು ಸಲ ಸೆರಗಿನಿಂದ ಮುಖ ಒತ್ತಿಕೊಂಡರು.

ಕೈಯ ಮೂಳೆ ಕೂಡಿಕೊಳ್ಳುವವರೆಗೆ ಅವನು ಗ್ಯಾಸ್ ಏಜೆನ್ಸಿಯಲ್ಲಿ ಕೂತು ಫೋನು ಎತ್ತುತ್ತಿದ್ದ. ಅಷ್ಟರಲ್ಲಿ ಗೋಡೆ ಎದ್ದಿತು, ಸೂರು ಕೂತಿತು, ಬಾಗಿಲಿಗೆ ಬಣ್ಣವಾಯಿತು. ಅತ್ತಿಗೆ ಮಂಡಿ ಹಿಡಿದುಕೊಂಡು ಕೊನೆಯ ಬಾರಿ ಆ ಮೆಟ್ಟಿಲು ಇಳಿದು ಬಂದರು. ಬಂದ ಮೇಲೆ ಮೊದಲು ಮಾಡಿದ ಕೆಲಸ, ಸವಾರರೆಲ್ಲರಿಗೂ ದಿಂಬಿನ ಕವರು ಹೊಲಿದದ್ದು. "ನಂಗೆ ಬರೋದು ಇಷ್ಟೇ. ತಲೆ ಇಡುವಾಗ ನನ್ನ ನೆನೆಸ್ಕೊಳ್ಳಿ" ಎಂದು ಹೇಳಿ ಕಳಿಸಿದರು. ಬೇಕರಿಯವ ತನ್ನದನ್ನು ಬಳಸದೆ ಅಂಗಡಿಯ ಗಾಜಿನ ಬೀರುವಿನಲ್ಲಿ ಇಟ್ಟಿದ್ದಾನೆ; ಗಿರಾಕಿಗಳು ಅದರ ಬೆಲೆ ಕೇಳುತ್ತಾರೆ, ಅವನು ಹೇಳುವುದಿಲ್ಲ.

ಮತ್ತೆ ಕೆಲಸಕ್ಕೆ ಹಿಂತಿರುಗಿದ ಮೊದಲ ದಿನ ಸಿಲಿಂಡರಣ್ಣ ಎರಡನೇ ಸಾಲಿನ ತುದಿಗೆ ಬಂದ. ಬಾಗಿಲು ಮುಚ್ಚಿತ್ತು. ಅತ್ತಿಗೆಯ ಹಳೆಯ ಬಾಡಿಗೆ ಕೋಣೆಯಲ್ಲಿ ಮಾಲೀಕನಿಂದ ಹಿಡಿದು ಮೀಟರ್ ನೋಡುವವನವರೆಗೆ ಎಲ್ಲರೂ ದೂಡಿಕೊಂಡು ಒಳಗೆ ಬರುತ್ತಿದ್ದರು. ಇಲ್ಲಿ ಅವನು ಬಾಗಿಲು ಬಡಿದ.

"ಯಾರು?" ಒಳಗಿನಿಂದ ಅತ್ತಿಗೆಯ ದನಿ ಬಂತು.

"ಗ್ಯಾಸ್!"

"ಗ್ಯಾಸ್ ಅಂದ್ರೆ ಯಾರು?"

"ನಾನು ಅತ್ತಿಗೆ, ನಿಮ್ಮ ಮೈದುನ."

ಕಿಟಕಿಯಲ್ಲಿ ಅವನನ್ನು ಆಗಲೇ ನೋಡಿದ್ದರೆಂದು ಅವನಿಗೆ ಗೊತ್ತಿತ್ತು. ಆದರೂ ಕಾದ. ಚಿಲಕ ಸರಿಯುವ ಸದ್ದು, ನಿಧಾನವಾಗಿ, ಪೂರ್ತಿಯಾಗಿ ಕೇಳಿಸಿತು.

"ಬಾಪ್ಪ, ಒಳಗೆ ಬಾ" ಎಂದರು ಅತ್ತಿಗೆ, ಮನೆಯೊಡತಿಯ ಹಾಗೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತ.